ಎರಡು ಗುಡ್ಡ, ನಡುವೆ ಸೂರ್ಯ: ಸ್ವಂತ ಗೆರೆ ಹುಡುಕಿದ ಕಟ್ಟಿಂಗೇರಿಯ ಹೆಬ್ಬಾರರು

ಕಾಸರಗೋಡು: ಎರಡು ಗುಡ್ಡ, ನಡುವೆ ಒಬ್ಬ ಸೂರ್ಯ. ಗುಡ್ಡದಿಂದ ಇಳಿದು ಬರುವ ಹೊಳೆ. ಹೊಳೆಯ ಬದಿಯಲ್ಲಿ ಗುಡಿಸಲು, ಅದರ ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ.

ಇಲ್ಲಿನ ಯಾವುದೇ ಶಾಲೆಗೆ ಹೋಗಿ ಮಕ್ಕಳ ಕೈಗೆ ಬಿಳಿ ಹಾಳೆ ಕೊಟ್ಟು 'ಪ್ರಕೃತಿ ದೃಶ್ಯ ಬಿಡಿಸಿ' ಎಂದು ಹೇಳಿ ನೋಡಿ. ಹೆಚ್ಚಿನ ಹಾಳೆಗಳಲ್ಲಿ ಕಾಣುವುದು ಈ ಚಿತ್ರವೇ. ಅಪ್ಪ ಬಿಡಿಸಿದ್ದೂ ಇದನ್ನೇ, ಮಗಳು ಬಿಡಿಸುವುದೂ ಇದನ್ನೇ. ತಮಾಷೆಯೆಂದರೆ ನಮ್ಮೂರಿನ ಸಂಜೆ ಸೂರ್ಯ ಗುಡ್ಡದ ನಡುವೆ ಮುಳುಗುವುದಿಲ್ಲ, ಸಮುದ್ರದಲ್ಲಿ ಮುಳುಗುತ್ತಾನೆ. ನಮ್ಮ ಮನೆಗಳು ಮುರಕಲ್ಲಿನವು, ಗುಡಿಸಲುಗಳಲ್ಲ. ಆದರೂ ಪೆನ್ಸಿಲ್ ಹಿಡಿದ ಕೂಡಲೇ ಕೈ ತನ್ನಷ್ಟಕ್ಕೆ ಆ ಎರಡು ಗುಡ್ಡಗಳ ಕಡೆಗೇ ಹೋಗುತ್ತದೆ.

ಈ ಮಾತು ಬಂದದ್ದು ಇಲ್ಲಿನ ಒಬ್ಬ ನಿವೃತ್ತ ಚಿತ್ರಕಲಾ ಮಾಸ್ಟ್ರ ಮನೆಯ ಜಗಲಿಯಲ್ಲಿ. ಅವರ ಬಳಿ ಚಿತ್ರ ಕಲಿಯಲು ಬರುವ ಹೈಸ್ಕೂಲಿನ ಹುಡುಗಿಯೊಬ್ಬಳು ಶಾಲಾ ಕಲೋತ್ಸವದ ಜಲವರ್ಣ ಸ್ಪರ್ಧೆಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದಳು. ಬಹುಮಾನ ಬರಲಿಲ್ಲ ಎಂಬುದು ಅವಳ ಬೇಸರವಲ್ಲ. ತೀರ್ಪುಗಾರರೊಬ್ಬರು ಚಿತ್ರ ನೋಡಿ, "ಕೈ ಒಳ್ಳೆಯದುಂಟು. ಆದರೆ ಇದರಲ್ಲಿ ನಿನ್ನದು ಎಂತ ಉಂಟು?" ಎಂದು ಕೇಳಿಬಿಟ್ಟರಂತೆ. ಹುಡುಗಿ ಮನೆಗೆ ಬಂದು ಹಳೆಯ ಚಿತ್ರಗಳನ್ನೆಲ್ಲ ಹರಿದು ಹಾಕಿದ್ದಳು. ಇನ್ನು ಚಿತ್ರವೇ ಬೇಡ, ಎಸ್‌ಎಸ್‌ಎಲ್‌ಸಿಗೆ ಓದಿಕೊಳ್ಳುತ್ತೇನೆ ಎಂದು ಹೇಳಿಹೋಗಲು ಬಂದಿದ್ದಳು.

"ಸರ್, ನನ್ನದು ಅಂತ ಹೇಗೆ ಗೊತ್ತಾಗುದು? ಕಲಿಸಿದ ಹಾಗೆ ಮಾಡಿದ್ರೆ ನನ್ನದಲ್ಲ ಅಂತಾರೆ. ಕಲಿಸದೆ ಮಾಡ್ಲಿಕ್ಕೆ ನಂಗೆ ಬರುದಿಲ್ಲ" ಎಂದಳು.

ಮಾಸ್ಟ್ರು ತಕ್ಷಣಕ್ಕೆ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಹಳೆಯ ಪುಸ್ತಕವೊಂದನ್ನು ತಂದು ಅವಳ ಮುಂದೆ ಇಟ್ಟರು. ಅದರಲ್ಲಿ ಇದ್ದದ್ದು ಕೆ.ಕೆ. ಹೆಬ್ಬಾರರ ಚಿತ್ರಗಳು. "ಇವರಿಗೂ ಇದೇ ಪ್ರಶ್ನೆ ಬಂದಿತ್ತು ಮಗಾ. ಅದೂ ದೊಡ್ಡ ಕಾಲೇಜಿನಲ್ಲಿ ಕಲಿತು, ಕಲಿಸುವ ಮಾಸ್ಟ್ರೂ ಆದ ಮೇಲೆ" ಎಂದರು.

ಆ ಮಾತಿನ ಹಿಂದಿರುವ ಕತೆ ಗಡಿನಾಡಿನ ನಮಗೆಲ್ಲ ತಿಳಿದಿರಬೇಕಾದದ್ದು.

ನಮ್ಮದೇ ಜಿಲ್ಲೆಯ ಹುಡುಗ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ. ಆಗ ಉಡುಪಿಯೂ ಕಾಸರಗೋಡೂ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆ, ದಕ್ಷಿಣ ಕನ್ನಡದಲ್ಲಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ಹೊತ್ತಿಗೆ ಹೆಬ್ಬಾರರಿಗೆ ನಲವತ್ತೈದು ವರ್ಷ, ದೇಶದಲ್ಲೆಲ್ಲ ಹೆಸರು ಮಾಡಿ ಆಗಿತ್ತು. ಹಾಗಾಗಿ ಅವರನ್ನು ಆಚೆಯ ರಾಜ್ಯದ ಕಲಾವಿದ ಎನ್ನಲು ನಮ್ಮ ಹಿರಿಯರಿಗೆ ಬಾಯಿ ಬರುವುದಿಲ್ಲ. ಅವರು ಕಂಡ ಕಂಬಳದ ಗದ್ದೆ, ಕೋಳಿ ಅಂಕ, ಭೂತದ ಕೋಲ, ಯಕ್ಷಗಾನದ ಬಯಲು ನಮ್ಮದೂ ಹೌದು.

ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಹಸಿ ಮಣ್ಣು ಬೆರಳಿನಡಿ ಹೊಟ್ಟೆಯಾಗಿ, ಸೊಂಡಿಲಾಗಿ ಏಳುವುದನ್ನು ನೋಡುತ್ತಾ ಹುಡುಗ ಬೆಳೆದ. ಮನೆಯಲ್ಲಿ ದುಡ್ಡಿರಲಿಲ್ಲ, ಊರಿನಲ್ಲಿ ಕಲಾಶಾಲೆಯೂ ಇರಲಿಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕಲಿತು, ಬಳಿಕ ಕರಾವಳಿಯ ಸಾವಿರಾರು ಯುವಕರು ಹಿಡಿದ ದಾರಿಯನ್ನೇ ಹಿಡಿದು ಮುಂಬಯಿಗೆ ಹೋದರು. ನಮ್ಮೂರಿನವರು ಹೊಟೇಲಿಗೆ, ಬಟ್ಟೆ ಗಿರಣಿಗೆ ಹೋದ ಹಾಗೆ ಇವರು ಬಣ್ಣದ ಕೆಲಸಕ್ಕೆ ಹೋದರು. ಅಲ್ಲಿ ಕನ್ನಡಿಗರೇ ಆದ ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರ ಕೈ ಹಿಡಿಯಿತು. ಅಲ್ಲಿಂದ ಮುಂದೆ ಸರ್ ಜೆ.ಜೆ. ಕಲಾಶಾಲೆ. 1938ರಲ್ಲಿ ಡಿಪ್ಲೊಮಾ, 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರ ಕೆಲಸ.

ಕಟ್ಟಿಂಗೇರಿಯ ಬಡ ಮನೆಯ ಹುಡುಗ ದೇಶದ ದೊಡ್ಡ ಕಲಾಶಾಲೆಯಲ್ಲಿ ಮಾಸ್ಟ್ರಾದ. ಎಷ್ಟೋ ಮಂದಿಗೆ ಕತೆ ಇಲ್ಲಿಗೇ ಮುಗಿದಿದ್ದರೂ ಸಾಕಿತ್ತು.

ಚೆನ್ನಾಗಿಯೇ ಬರುತ್ತಿತ್ತು, ಆದರೆ...

ಜೆ.ಜೆ. ಶಾಲೆಯಲ್ಲಿ ಆಗ ಕಲಿಸುತ್ತಿದ್ದದ್ದು ಬ್ರಿಟಿಷರು ತಂದ ಅಕಾಡೆಮಿಕ್ ಪದ್ಧತಿ. ಪ್ಲಾಸ್ಟರಿನ ಬೊಂಬೆ ಇಟ್ಟುಕೊಂಡು ನೆರಳು-ಬೆಳಕಿನ ಅಭ್ಯಾಸ. ಆಮೇಲೆ ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಎಲುಬು, ಸ್ನಾಯು, ಚರ್ಮದ ಹೊಳಪು ತಪ್ಪದ ಹಾಗೆ ಬಿಡಿಸುವುದು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಲೆಕ್ಕ. ಇದು ಸಣ್ಣ ವಿದ್ಯೆಯಲ್ಲ. ಕಣ್ಣಿಗೂ ಕೈಗೂ ಶಿಸ್ತು ಬರುವುದು ಇದರಿಂದಲೇ. ಹೆಬ್ಬಾರರಿಗೆ ಇದು ಚೆನ್ನಾಗಿಯೇ ಒಲಿದಿತ್ತು. ಭಾವಚಿತ್ರ ಬಿಡಿಸಿದರೆ ಮನುಷ್ಯನೇ ಎದುರಿಗೆ ಕೂತ ಹಾಗೆ ಕಾಣುತ್ತಿತ್ತು.

ಆದರೆ ಅವರಿಗೇ ಒಳಗೊಳಗೆ ಸಮಾಧಾನವಿರಲಿಲ್ಲ. ಕೆಲಸ ಅಚ್ಚುಕಟ್ಟು, ಹೊಗಳಿಕೆಯೂ ಬರುತ್ತಿತ್ತು. ಹಾಗಿದ್ದರೂ ಚಿತ್ರ ಯಾರದ್ದೋ ಕೈಯದ್ದು ಎಂದು ಕಾಣುತ್ತಿತ್ತು. ಇಂಗ್ಲೆಂಡಿನ ಮಂದ ಬೆಳಕಿಗೆಂದು ಹುಟ್ಟಿದ ನೆರಳಿನ ಪಾಠವನ್ನು ನಮ್ಮ ಮಟಮಟ ಮಧ್ಯಾಹ್ನಕ್ಕೆ ಹಚ್ಚಿದರೆ ಸರಿ ಹೊಂದುವುದು ಹೇಗೆ? ನಮ್ಮಲ್ಲಿ ಹನ್ನೆರಡು ಗಂಟೆಗೆ ಅಂಗಳಕ್ಕೆ ಇಳಿದರೆ ನೆರಳು ಕಾಲಿನ ಬುಡದಲ್ಲಿರುತ್ತದೆ. ಕೆಂಪು ಮಣ್ಣು ಕೆಂಪಾಗಿಯೇ, ಬಿಳಿ ಮುಂಡು ಬಿಳಿಯಾಗಿಯೇ ಕಣ್ಣಿಗೆ ಹೊಡೆಯುತ್ತದೆ. ಬಣ್ಣಕ್ಕೂ ಬಣ್ಣಕ್ಕೂ ನಡುವೆ ಮಸುಕು ಎಂಬುದು ಇರುವುದಿಲ್ಲ.

ನಮ್ಮ ಹುಡುಗಿಯದ್ದೂ ಇದೇ ಪ್ರಶ್ನೆ. ಅವಳಿಗೆ ಎರಡು ಗುಡ್ಡ ಬಂದದ್ದು ಕ್ಯಾಲೆಂಡರಿನಿಂದ. ಹೆಬ್ಬಾರರಿಗೆ ನೆರಳು-ಬೆಳಕು ಬಂದದ್ದು ದೊಡ್ಡ ಶಾಲೆಯಿಂದ. ಎರಡೂ ಕಡೆ ಕೈ ಬಿಡಿಸುವುದು ಒಂದು, ಕಣ್ಣು ಕಂಡದ್ದು ಬೇರೊಂದು.

ದಕ್ಷಿಣದ ಕಡೆಗೆ

ಈ ಹೊತ್ತಿನಲ್ಲಿ ಅವರ ಕಣ್ಣು ತೆರೆಸಿದವರಲ್ಲಿ ಒಬ್ಬರು ಅಮೃತಾ ಶೇರ್‌ಗಿಲ್. ಪ್ಯಾರಿಸಿನಲ್ಲಿ ಕಲಿತು ಬಂದ ಈ ಕಲಾವಿದೆ 1936-37ರಲ್ಲಿ ಅಜಂತಾ ನೋಡಿ, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರ ನೋಡಿ, ದಕ್ಷಿಣದ ಜನರನ್ನು ದೊಡ್ಡ ದೊಡ್ಡ ಬಣ್ಣದ ಹರವಿನಲ್ಲಿ ಬಿಡಿಸಿದ್ದರು. 1941ರಲ್ಲಿ ಇಪ್ಪತ್ತೆಂಟರ ಹರೆಯದಲ್ಲೇ ತೀರಿಹೋದರು. ಪಶ್ಚಿಮದಲ್ಲಿ ಕಲಿತ ಕೈಯಿಂದಲೇ ಇಲ್ಲಿಯದನ್ನು ಬಿಡಿಸಬಹುದು ಎಂಬ ಧೈರ್ಯ ಹೆಬ್ಬಾರರ ತಲೆಮಾರಿಗೆ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.

ಇನ್ನೊಂದು, ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳ ಚಿತ್ರಗಳು. ತಾಳೆಗರಿಯ ಮೇಲೆ, ಆಮೇಲೆ ಕಾಗದದ ಮೇಲೆ ಬರೆದ ಅಂಗೈ ಅಗಲದ ಚಿತ್ರಗಳು ಅವು. ಹಿನ್ನೆಲೆಗೆ ಒಂದೇ ಕೆಂಪು ಅಥವಾ ನೀಲಿ, ನೆರಳಿನ ಗೊಡವೆಯೇ ಇಲ್ಲ, ಮುಖದಿಂದ ಹೊರಗೆ ಚಾಚಿದ ಕಣ್ಣು, ಚೂಪಾದ ಗೆರೆ. ಜೊತೆಗೆ ಅಜಂತಾ ಇತ್ತು, ರಾಜಸ್ಥಾನದ ಕಿರುಚಿತ್ರಗಳಿದ್ದವು. ಶಾಲೆಯ ಪಠ್ಯದಲ್ಲಿ ಬದಿಗೆ ಬಿದ್ದಿದ್ದ ಈ ಚಿತ್ರಗಳನ್ನು ಹೆಬ್ಬಾರರು ಹೊಸದಾಗಿ ಕಲಿಯುವ ಹುಡುಗನ ಹಾಗೆ ಕೂತು ನೋಡಿದರು.

ಆಮೇಲೆ ಮಲಬಾರಿನ ಕಡೆ ಹೋದರು. ಅಲ್ಲಿ ಕಂಡದ್ದು ಹೊಸತೇನಲ್ಲ, ಹುಟ್ಟೂರಿನಲ್ಲಿ ಕಂಡದ್ದರದೇ ಮುಂದುವರಿಕೆ. ಕೆಂಪು ನೆಲ, ಹಸಿರು ಗದ್ದೆ, ತೆಂಗು, ಬಿಳಿ ಬಟ್ಟೆಯ ಹೆಂಗಸರು, ಕಪ್ಪು ಮೈಯ ದುಡಿಯುವ ಜನ. ಆದರೆ ಈ ಸಲ ಕಣ್ಣು ಬೇರೆಯಾಗಿತ್ತು. 1940ರ ದಶಕದಲ್ಲಿ ಅವರು ಬಿಡಿಸಿದ ಕೇರಳದ ಚಿತ್ರಮಾಲೆಯಲ್ಲಿ ಪ್ಲಾಸ್ಟರಿನ ನೆರಳು ಹಿಂದೆ ಸರಿಯಿತು. ಬಣ್ಣಗಳು ಹರವಾಗಿ ಕೂತವು, ಆಕೃತಿಗಳು ಸರಳವಾದವು, ಒಂದು ಬಾಗಿದ ಬೆನ್ನು ಇಡೀ ಚಿತ್ರವನ್ನು ಹೊತ್ತಿತು. ಹೆಬ್ಬಾರರನ್ನು ದೇಶ ಗುರುತಿಸಿದ್ದು ಈ ಚಿತ್ರಗಳಿಂದ.

ಗಮನಿಸಬೇಕಾದ ಮಾತೆಂದರೆ ಅವರು ಸ್ವಂತ ಶೈಲಿ ಬೇಕು ಎಂದು ಎಲ್ಲವನ್ನೂ ಬಿಟ್ಟು ಕೂತವರಲ್ಲ. ಇನ್ನೊಬ್ಬರಿಂದ ಕಲಿತರು, ಮತ್ತೊಬ್ಬರಿಂದ ಕಲಿತರು. ಕೊಟ್ಟವರನ್ನು ಮರೆಯಲೂ ಇಲ್ಲ. ಹೊಂದದ್ದು ಒಂದೊಂದಾಗಿ ಉದುರಿತು, ಹೊಂದಿದ್ದು ಉಳಿಯಿತು.

ಗೆಜ್ಜೆ ಕಟ್ಟಿದ ಚಿತ್ರಗಾರ

ಬಣ್ಣ ಸಿಕ್ಕಿತು. ಆದರೆ ಗೆರೆ? ಇಲ್ಲಿ ಹೆಬ್ಬಾರರು ಮಾಡಿದ ಕೆಲಸ ಕೇಳಿದರೆ ಇಂದಿಗೂ ಆಶ್ಚರ್ಯವಾಗುತ್ತದೆ. ನರ್ತಕರನ್ನು ಬಿಡಿಸುವಾಗ ಕೈ, ಕಾಲು, ಮುದ್ರೆ ಎಲ್ಲ ಸರಿಯಾಗಿ ಬಂದರೂ ಕುಣಿತ ಬರುವುದಿಲ್ಲ. ನಿಂತ ಬೊಂಬೆಯಂತೆ ಕಾಣುತ್ತದೆ. ಲಯ ಎಂಬುದು ಹೊರಗಿನಿಂದ ನೋಡಿದರೆ ಸಿಗುವಂಥದ್ದಲ್ಲ ಎಂದುಕೊಂಡು ಅವರು ತಾವೇ ಗೆಜ್ಜೆ ಕಟ್ಟಿದರು. ಮುಂಬಯಿಯಲ್ಲಿದ್ದ ಜೈಪುರ ಘರಾಣೆಯ ಗುರು ಪಂಡಿತ್ ಸುಂದರ್ ಪ್ರಸಾದರ ಬಳಿ ಸುಮಾರು ಎರಡು ವರ್ಷ ಕಥಕ್ ಕಲಿತರು. ವೇದಿಕೆ ಹತ್ತುವ ಆಸೆಯಿಂದಲ್ಲ, ಗೆರೆಯೊಳಗೆ ತಾಳ ಬರಲಿ ಎಂದು.

ತಾಳ ಹಾಕಿ ಕಾಲು ಸೋತವನಿಗೆ ಮಾತ್ರ ಒಂದು ಚಕ್ಕರ್ ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ಮೈಯಲ್ಲೇ ಗೊತ್ತಿರುತ್ತದೆ. ಆ ಮೇಲಿನ ಹೆಬ್ಬಾರರ ರೇಖಾಚಿತ್ರ ನೋಡಿ. ಪೆನ್ನು ಒಮ್ಮೆ ಹಾಳೆಗೆ ತಾಗಿದರೆ ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಒಂದೇ ಉಸಿರಿನಲ್ಲಿ ಇಳಿಯುತ್ತದೆ. ಕಣ್ಣು ಮೂಗು ಇರುವುದಿಲ್ಲ, ಬೆರಳುಗಳ ಲೆಕ್ಕ ಇರುವುದಿಲ್ಲ. ಆದರೂ ಕುಣಿಯುವವಳು ಈಗ ತಾನೇ ತಿರುಗಿದಳು ಎಂದು ನೋಡಿದವರಿಗೆ ತಿಳಿಯುತ್ತದೆ. ಮದ್ದಳೆಯವನ ಭುಜ, ಬಲೆ ಎಳೆಯುವವನ ಬೆನ್ನು, ಕುಣಿಯುವವನ ಪಾದ, ಎಲ್ಲವೂ ನಾಲ್ಕೈದು ಗೆರೆಗಳಲ್ಲಿ ಮುಗಿಯುತ್ತವೆ. ಈ ರೇಖೆಗಳ ಸಂಕಲನ 'ದಿ ಸಿಂಗಿಂಗ್ ಲೈನ್', ಅಂದರೆ ಹಾಡುವ ಗೆರೆ, 1964ರಲ್ಲಿ ಪ್ರಕಟವಾಯಿತು. ಇಂದಿಗೂ ಹೆಬ್ಬಾರ್ ಎಂದರೆ ಕಲೆ ಬಲ್ಲವರು ಮೊದಲು ಹೇಳುವುದು ಈ ಗೆರೆಯ ಮಾತು.

ಶಿವರಾಮ ಕಾರಂತರ ಯಕ್ಷಗಾನದ ಇಂಗ್ಲಿಷ್ ಗ್ರಂಥಕ್ಕೆ ರೇಖಾಚಿತ್ರ ಬರೆದುಕೊಟ್ಟವರೂ ಹೆಬ್ಬಾರರೇ. ಪಾರ್ತಿಸುಬ್ಬನ ಕುಂಬಳೆ ಇರುವ ನೆಲದ ನಮಗೆ ಆ ಗೆರೆಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಧೀಂಗಿಣ ಹಾಕುವ ವೇಷಧಾರಿಯ ಮೈ ಗಾಳಿಯಲ್ಲಿ ಹೇಗೆ ಬಾಗುತ್ತದೆ ಎಂದು ನಮ್ಮ ಮಕ್ಕಳಿಗೂ ಗೊತ್ತು. ಯಾಕೆಂದರೆ ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕಾಸರಗೋಡಿನ ಮಕ್ಕಳು ವರ್ಷ ವರ್ಷ ಅದಕ್ಕೆ ಗೆಜ್ಜೆ ಕಟ್ಟುತ್ತಾರೆ.

ಪ್ಯಾರಿಸಿಗೆ ಹೋಗಿ ಬಂದರೂ

ಸ್ವಂತದ್ದು ಸಿಕ್ಕಿತು ಎಂದು ಹೆಬ್ಬಾರರು ಕಲಿಯುವುದನ್ನು ನಿಲ್ಲಿಸಲಿಲ್ಲ. 1949-50ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಯುರೋಪಿಗೆ ಹೋಗಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಅಲ್ಲಿ ಅಚ್ಚಿನ ಚಿತ್ರಕಲೆಯನ್ನೂ ಕಲಿತರು. ಆ ಕಾಲದಲ್ಲಿ ಪ್ಯಾರಿಸಿಗೆ ಹೋಗಿ ಬಂದವರ ಕೈಯಲ್ಲಿ ಪಿಕಾಸೊ, ಬ್ರಾಕ್ ಅವರ ನಕಲು ಇಳಿಯುವುದು ಅಪರೂಪವೇನಾಗಿರಲಿಲ್ಲ. ಹೆಬ್ಬಾರರು ಮರಳಿ ಬಂದು ಬಿಡಿಸಿದ್ದು ಮತ್ತೆ ನಮ್ಮ ಜನರನ್ನೇ. ಹಸಿವಿನ ಬಗ್ಗೆ 1952ರಲ್ಲಿ ಬಿಡಿಸಿದ 'ಹಂಗ್ರಿ ಸೋಲ್' ಚಿತ್ರ ಇದಕ್ಕೆ ಸಾಕ್ಷಿ. ದಪ್ಪನೆಯ ಬಣ್ಣದ ಮೈ ಹೊಸತು, ಒಳಗಿನ ನೋವು ಇಲ್ಲಿಯದು.

ಮುಂದೆ ಅವರ ಚಿತ್ರಗಳಲ್ಲಿ ಕೋಳಿ ಅಂಕ ಬಂತು, ನಾಗಮಂಡಲ ಬಂತು. ವಯಸ್ಸಾದ ಮೇಲೆ ಯುದ್ಧ, ಅಣುಸ್ಫೋಟ, ಬಾಹ್ಯಾಕಾಶದ ಯಾನ ಎಲ್ಲವೂ ಬಂದವು. ವಿಷಯ ಎಷ್ಟು ಬದಲಾದರೂ ಚಿತ್ರದ ಕೆಳಗೆ ಸಹಿ ನೋಡದೆಯೇ ಇದು ಹೆಬ್ಬಾರರದ್ದು ಎಂದು ಹೇಳಬಹುದಾಗಿತ್ತು. ಸ್ವಂತ ಶೈಲಿ ಎಂದರೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಿಡಿಸುವುದಲ್ಲ, ಬೇರೆ ಬೇರೆ ಚಿತ್ರಗಳಲ್ಲಿ ಅದೇ ಮನುಷ್ಯ ಕಾಣುವುದು.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲಿ ಅವರು ತೀರಿಹೋದರು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಅವರ ಚಿತ್ರಗಳು ಸೇರಿವೆ. ನಮಗೆ ಹತ್ತಿರದ ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ.

ಬೇರೆ ಗಡಿಗಳಿಂದಲೂ

ಇದು ಹೆಬ್ಬಾರರೊಬ್ಬರ ಕತೆಯಲ್ಲ. ಅದೇ ಕಾಲದ ಮುಂಬಯಿಯಲ್ಲಿ ಇನ್ನಿಬ್ಬರು ಇದೇ ಪ್ರಶ್ನೆಯೊಡನೆ ಗುದ್ದಾಡುತ್ತಿದ್ದರು. ಇಬ್ಬರೂ ಬಂದದ್ದು ಕನ್ನಡದ ಮಾತು ಇಂದಿಗೂ ಕೇಳುವ ಬೇರೆ ಎರಡು ಗಡಿಸೀಮೆಗಳಿಂದ ಎಂಬುದು ನಮ್ಮ ಓದುಗರಿಗೆ ಹಿತವಾದ ವಿಷಯ.

ಒಬ್ಬರು ಎಂ.ಎಫ್. ಹುಸೇನ್. 1915ರಲ್ಲಿ ಹುಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ. ಮುಂಬಯಿಯಲ್ಲಿ ಹೊಟ್ಟೆಪಾಡಿಗೆ ಸಿನಿಮಾ ಹೋರ್ಡಿಂಗ್ ಬರೆದರು. ಏಣಿ ಹತ್ತಿ ಆಳೆತ್ತರದ ಮುಖಗಳನ್ನು ಬೇಗ ಬೇಗ ಮುಗಿಸಬೇಕಾದ ಆ ಕೂಲಿ ಕೆಲಸ ಅವರ ಗೆರೆಗೆ ವೇಗ ಕೊಟ್ಟಿತು. 1948ರಲ್ಲಿ ದೆಹಲಿಯಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನವೊಂದರಲ್ಲಿ ಮಥುರೆಯ ಶಿಲ್ಪ, ಬಸೋಹ್ಲಿಯ ಕಿರುಚಿತ್ರಗಳನ್ನು ನೋಡಿ ಬಂದ ಮೇಲೆ ಅವರ ಚಿತ್ರದ ಹಾದಿಯೇ ಬದಲಾಯಿತು.

ಇನ್ನೊಬ್ಬರು ಎಫ್.ಎನ್. ಸೋಜಾ. 1924ರಲ್ಲಿ ಗೋವೆಯ ಸಾಲಿಗಾಂವ್‌ನಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಜೆ.ಜೆ. ಶಾಲೆಯಿಂದ ಹೊರಗೆ ಹಾಕಿಸಿಕೊಂಡು, 1947ರಲ್ಲಿ ಹುಸೇನ್, ರಝಾ ಮೊದಲಾದವರೊಂದಿಗೆ ಪ್ರಗತಿಶೀಲ ಕಲಾವಿದರ ಗುಂಪು ಕಟ್ಟಿದರು. ಬಾಲ್ಯದ ಗೋವೆಯ ಇಗರ್ಜಿಗಳಲ್ಲಿ ಕಂಡ ಸಂತರು, ಶಿಲುಬೆಗಳು ಅವರ ದಪ್ಪ ಕಪ್ಪು ಗೆರೆಯಲ್ಲಿ ಸಿಟ್ಟಾಗಿ ಹೊರಬಂದವು.

ಹೆಬ್ಬಾರರು ಈ ಗುಂಪಿನಲ್ಲಿರಲಿಲ್ಲ. ಅವರದ್ದು ಜಗಳದ ದಾರಿಯಲ್ಲ. ಆದರೆ ಮೂವರ ಕತೆಯಲ್ಲೂ ಒಂದು ಮಾತು ಸಮಾನ. ದೂರ ಹೋಗಿ, ಪರರದ್ದನ್ನು ಚೆನ್ನಾಗಿ ಕಲಿತು, ಕೊನೆಗೆ ಎಳೆವೆಯಲ್ಲಿ ಕಣ್ಣು ಕಂಡದ್ದರ ಬಳಿಗೇ ಬಂದು ನಿಂತರು. ಒಬ್ಬರ ಚಿತ್ರವನ್ನು ಇನ್ನೊಬ್ಬರದ್ದೆಂದು ಯಾರೂ ತಪ್ಪು ತಿಳಿಯುವುದಿಲ್ಲ.

ನಾಲ್ಕು ಭಾಷೆಯ ಮಕ್ಕಳು

ಇಷ್ಟೆಲ್ಲ ಈಗ ಯಾಕೆ ಎಂದು ಓದುಗರು ಕೇಳಬಹುದು. ಮಾಸ್ಟ್ರು ಜಗಲಿಯಲ್ಲಿ ಹೇಳಿದ ಒಂದು ಮಾತು ಅದಕ್ಕೆ ಉತ್ತರವಾದೀತು.

"ನಮ್ಮ ಮಕ್ಕಳಿಗೆ ಒಂದು ಅಂಜಿಕೆ ಉಂಟು ನೋಡಿ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ, ಪರೀಕ್ಷೆಗೆ ಇಂಗ್ಲಿಷ್. ಆಚೆ ಹೋದ್ರೆ ನೀವು ಕೇರಳದವ್ರು ಅಂತಾರೆ, ಈಚೆ ಬಂದ್ರೆ ನೀವು ಕನ್ನಡದವ್ರು ಅಂತಾರೆ. ಹಾಗಾಗಿ ನಮ್ಮದು ಅಂತ ಎಂತ ಇಲ್ಲ, ಎಲ್ಲಾ ಬೇರೆಯವರದ್ದೇ ಅಂತ ಮಕ್ಕಳಿಗೆ ಒಳಗೆ ಕೂತುಬಿಟ್ಟಿದೆ. ಹೆಬ್ಬಾರರನ್ನು ನೋಡಿದ್ರೆ ಅದು ಹಾಗಲ್ಲ ಅಂತ ಗೊತ್ತಾಗ್ತದೆ. ಉಡುಪಿಯ ಕಣ್ಣು, ಬ್ರಿಟಿಷರ ಪಾಠ, ಗುಜರಾತಿನ ಜೈನ ಚಿತ್ರ, ಮಲಬಾರಿನ ಬಣ್ಣ, ಜೈಪುರದ ಕಥಕ್, ಪ್ಯಾರಿಸಿನ ಕ್ಲಾಸು. ಇಷ್ಟೂ ಸೇರಿದ್ದು ಒಬ್ಬರಲ್ಲಿ. ಹಲವು ಕಡೆಯದ್ದು ಗೊತ್ತಿರುದು ಬಡತನ ಅಲ್ಲ ಮಾರಾಯ್ರೆ. ಅದು ಬಂಡವಾಳ."

ಮಾಸ್ಟ್ರು ತಮ್ಮ ವಿಷಯದಲ್ಲಿ ಸುಳ್ಳು ಹೇಳುವವರಲ್ಲ. "ನಾನೇ ಮೂವತ್ತು ವರ್ಷ ಮಕ್ಕಳಿಗೆ ಆ ಎರಡು ಗುಡ್ಡ ಬಿಡಿಸಿ ತೋರಿಸಿದವ. ಬೋರ್ಡಿನಲ್ಲಿ ಬಿಡಿಸ್ಲಿಕ್ಕೆ ಸುಲಭ, ಮಾರ್ಕು ಕೊಡ್ಲಿಕ್ಕೂ ಸುಲಭ. ಕಿಟಕಿಯಿಂದ ಹೊರಗೆ ನೋಡಿ ಬಿಡಿಸಿ ಅಂತ ಒಂದು ದಿನವೂ ಹೇಳಲಿಲ್ಲ. ಕಿಟಕಿಯಲ್ಲಿ ಎಂತ ಇತ್ತು ಗೊತ್ತುಂಟಾ? ಚಂದ್ರಗಿರಿ ಹೊಳೆ" ಎಂದು ನಕ್ಕರು. ನಗುವಿನಲ್ಲಿ ಸ್ವಲ್ಪ ನೋವೂ ಇತ್ತು.

ತೀರ್ಪುಗಾರರ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಹದಿನೈದು ವರ್ಷದ ಮಗುವಿನ ಬಳಿ 'ನಿನ್ನದು ಎಂತ ಉಂಟು' ಎಂದು ಕೇಳಿ ಹಾಗೆಯೇ ಬಿಟ್ಟು ಹೋದರೆ ಅದು ಪಾಠವಾಗುವುದಿಲ್ಲ, ಪೆಟ್ಟಾಗುತ್ತದೆ. ಕಲಾಶಾಲೆಯಲ್ಲಿ ಮಾಸ್ಟ್ರಾಗಿದ್ದ ಹೆಬ್ಬಾರರಿಗೇ ಆ ಪ್ರಶ್ನೆಗೆ ಉತ್ತರ ಸಿಗಲು ವರ್ಷಗಳು ಬೇಕಾದವು. ನಕಲು ಮಾಡುವುದು ಮೊದಲ ಮೆಟ್ಟಿಲು. ಅದರಲ್ಲಿ ನಾಚಿಕೆಯಿಲ್ಲ. ಅಲ್ಲೇ ಕೂತುಬಿಟ್ಟರೆ ಮಾತ್ರ ನಷ್ಟ. ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ತೋರಿಸುವುದು ದೊಡ್ಡವರ ಕೆಲಸ. ಅದಕ್ಕೆ ಹೆಚ್ಚು ಖರ್ಚಿಲ್ಲ. ಚಿತ್ರದ ಪೀರಿಯಡ್ಡಿನಲ್ಲಿ ಮಕ್ಕಳನ್ನು ಮೈದಾನಕ್ಕೆ, ಹೊಳೆಬದಿಗೆ ಕರೆದುಕೊಂಡು ಹೋಗುವುದು, ವರ್ಷಕ್ಕೊಮ್ಮೆ ಮಣಿಪಾಲದ ತನಕ ಹೋಗಿ ನಿಜವಾದ ಚಿತ್ರಗಳನ್ನು ತೋರಿಸಿ ಬರುವುದು ಸಾಕು. ಶಾಲಾ ಪ್ರವಾಸದ ಬಸ್ಸು ಹೇಗೂ ಆ ದಾರಿಯಲ್ಲಿ ಹೋಗುತ್ತದೆ.

ಮೊರದ ಮೇಲಿನ ಕೈ

ಹುಡುಗಿ ಹೆಬ್ಬಾರರ ಪುಸ್ತಕವನ್ನು ಮನೆಗೆ ಕೊಂಡುಹೋದಳು. ಮಾಸ್ಟ್ರು ಅವಳಿಗೆ ಹೇಳಿದ್ದು ಇಷ್ಟೇ: "ಎಂತದ್ದೂ ಹೊಸತು ಮಾಡ್ಲಿಕ್ಕೆ ಹೋಗಬೇಡ. ನೀನು ದಿನಾ ನೋಡಿ ನೋಡಿ ಬೇಜಾರಾದದ್ದು ಎಂತ ಉಂಟೋ ಅದನ್ನು ಬಿಡಿಸಿಕೊಂಡು ಬಾ."

ಎರಡು ವಾರ ಅವಳ ಸುದ್ದಿಯಿರಲಿಲ್ಲ. ಮೂರನೆಯ ವಾರ ಬಂದಾಗ ಕೈಯಲ್ಲಿ ನೋಟುಪುಸ್ತಕದ ಹಾಳೆಗಳಿದ್ದವು. ಅವಳ ಅಜ್ಜಿ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ. ಇಪ್ಪತ್ತಕ್ಕೂ ಹೆಚ್ಚು ಹಾಳೆಗಳಲ್ಲಿ ಬರೀ ಅಜ್ಜಿಯ ಕೈಗಳು. ಮೊದಲ ಹಾಳೆಗಳಲ್ಲಿ ಉಗುರು, ನೆರಿಗೆ, ಬಳೆ ಎಲ್ಲವೂ ಇದ್ದವು. ನೆರಳೂ ಇತ್ತು. ಹೋಗುತ್ತಾ ಹೋಗುತ್ತಾ ಬಳೆ ಹೋಯಿತು, ನೆರಳು ಹೋಯಿತು. ಕೊನೆಯ ಹಾಳೆಯಲ್ಲಿ ಉಳಿದದ್ದು ಬಾಗಿದ ಕುತ್ತಿಗೆಯಿಂದ ಹೆಬ್ಬೆರಳಿನ ತನಕ ಇಳಿದು ಬಂದ ಒಂದು ಗೆರೆ, ಮೊರದ ಅರ್ಧ ವೃತ್ತ ಇನ್ನೊಂದು.

"ಅಜ್ಜಿ ಒಂದು ಎಲೆ ಸುತ್ತುದರ ಒಳಗೆ ಬಿಡಿಸಿ ಮುಗಿಸ್ಬೇಕು ಸರ್. ಇಲ್ಲದಿದ್ರೆ ಕೈ ಬೇರೆ ಆಗಿರ್ತದೆ. ಹಾಗೆ ಬೇಡದ್ದನ್ನೆಲ್ಲ ಬಿಟ್ಟೆ" ಎಂದಳು.

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು ಕೊನೆಯ ಹಾಳೆಯನ್ನು ತುಂಬ ಹೊತ್ತು ನೋಡಿದರು. ಹೆಬ್ಬಾರರ ಹಾಗೆ ಉಂಟು ಎನ್ನಲಿಲ್ಲ. ಒಳ್ಳೆಯದುಂಟು ಎಂದೂ ಹೇಳಲಿಲ್ಲ. "ಅಜ್ಜಿಗೆ ತೋರಿಸಿದ್ಯಾ?" ಎಂದು ಕೇಳಿದರು.

"ತೋರಿಸಿದೆ. ಇದು ನಾನಾ ಅಂತ ಕೇಳಿದ್ರು. ಆಮೇಲೆ ಎಡದ ಹೆಬ್ಬೆರಳು ಅಷ್ಟು ಬಗ್ಗುದಿಲ್ಲ, ನೋವುಂಟು ಅಂದ್ರು. ಇನ್ನೊಮ್ಮೆ ಬಿಡಿಸ್ಬೇಕು" ಎಂದು ಹುಡುಗಿ ಹಾಳೆಗಳನ್ನು ಚೀಲಕ್ಕೆ ಸೇರಿಸಿದಳು.